ಏಳು ವರ್ಷ ಇಡಬೇಕಾದ ಕಾಗದ

ಜನವರಿ 9, ಶುಕ್ರವಾರ

ಬೆಳಿಗ್ಗೆಯೇ ಮೂರು ಫೋನ್. ನಮ್ಮ ವಿಮಾ ಕಚೇರಿಯ ಕ್ಲೇಮ್ ವಿಭಾಗದ ಗುಮಾಸ್ತರಿಗೆ ನಾನು ನೋಡಿಕೊಳ್ಳುವ ಕಂಪ್ಯೂಟರ್ ದಾಖಲೆಯಲ್ಲಿ ಹೋದ ವರ್ಷದ ಪತ್ರ ಸಿಗುತ್ತಿಲ್ಲವಂತೆ. “ನಿಮ್ಮ ಆರ್ಕೈವ್ ನುಂಗಿಬಿಟ್ಟಿದೆ ಮೇಡಂ!” ಹೋಗಿ ನೋಡಿದರೆ ಹುಡುಕುವ ಜಾಗದಲ್ಲಿ ಈ ವರ್ಷದ ತಾರೀಖು ಹಾಕಿಕೊಂಡು ಕೂತಿದ್ದಾರೆ, ಮಹಾನುಭಾವರು. ಸರಿಮಾಡಿ ಬಂದೆ. ಥ್ಯಾಂಕ್ಸ್ ಕೂಡ ಇಲ್ಲ.

ಸೋಮವಾರ ನಮ್ಮವರಿಗೆ ಬೆನ್ನಿನ ಆಪರೇಷನ್. ಹದಿನೈದು ದಿನ ರಜೆ. “ಎಷ್ಟು ದಿನ ಆಸ್ಪತ್ರೆ?” ಎಂದರೆ ಡಾಕ್ಟರು “ಒಂದು ವಾರ” ಎಂದರು, ನಾನು “ಏಳು” ಎಂದು ಬರೆದುಕೊಂಡೆ. ನಮ್ಮವರಿಗೆ ನಗು. “ಇವಳಿಗೆ ಎಲ್ಲಾ ದಿನದಲ್ಲೇ ಹೇಳ್ಬೇಕು ಡಾಕ್ಟ್ರೇ. ಮದುವೆ ಆಗಿ ಎಷ್ಟಾಯ್ತು ಕೇಳಿ, ಎಂಟು ಸಾವಿರದ ಮೂವತ್ತು ಅಂತಾಳೆ.” ಏನು ಮಾಡಲಿ, ಕಾಗದವನ್ನು ಎಷ್ಟು ಕಾಲ ಇಡಬೇಕೆಂದು ಆಫೀಸಿನ ದೊಡ್ಡ ಕಂಪ್ಯೂಟರಿಗೆ, ಮೇನ್‌ಫ್ರೇಮ್‌ಗೆ, ದಿನದಲ್ಲೇ ಹೇಳಬೇಕು. ಏಳು ವರ್ಷ ಎಂದರೆ 2555. ಅಭ್ಯಾಸ.

ಪಾಸ್‌ವರ್ಡ್ ನಮ್ಮ ಸೆಕ್ಷನ್ನಿನ ಅಕ್ಕನಿಗೆ ಹೇಳಿ ಬಂದೆ. ಹೇಳುವುದೇನು — ಅಕ್ಕನ ಮಗಳ ಹೆಸರು, ಕೊನೆಗೆ ಆಯಾ ತಿಂಗಳ ಅಂಕಿ. ಅವರಿಗೆ ನೆನಪಿರಲಿ ಎಂದೇ ಹಾಗಿಟ್ಟದ್ದು. ಕೊಡಬಾರದೆಂಬ ನಿಯಮ ಗೋಡೆಯ ಮೇಲಿದೆ. ಹತ್ತೊಂಬತ್ತು ವರ್ಷದಿಂದ ಒಂದೇ ಡಬ್ಬಿಯಲ್ಲಿ ಉಂಡವರಿಗೆ ಯಾವ ನಿಯಮ!

ಜನವರಿ 28

ಡ್ಯೂಟಿಗೆ ಬಂದೆ. ನಮ್ಮವರು ಮನೆಯಲ್ಲಿ, ಕೋಲು ಹಿಡಿದು ಓಡಾಡುತ್ತಾರೆ, ದಿಂಬಿನ ಮೇಲೆ ದೂರು. ಇಷ್ಟು ದಿನದಲ್ಲಿ ಅಕ್ಕ ಒಂದು ಸಲವೂ ಫೋನ್ ಮಾಡಲಿಲ್ಲ. “ನೀನು ಗಂಡನ್ನ ನೋಡ್ಕೋ, ಇಲ್ಲಿದ್ದು ನಾನು ನೋಡ್ಕೊಂಡೆ ಕಣೇ.” ಗಿರಣಿ ಕಾರ್ಮಿಕರ ಎದೆ ತಪಾಸಣೆ ವರದಿಗಳು ಬಂದಿದ್ದವಂತೆ, ಸ್ಕ್ಯಾನ್ ಮಾಡಿ ಹೊಸ ಫೋಲ್ಡರ್‌ಗೆ ಹಾಕಿದ್ದಾರೆ. ಏಳು ವರ್ಷ ಇಡಬೇಕಾದವು. ಫೋಲ್ಡರ್ ತೆರೆಯುವ ಅಧಿಕಾರ ನನ್ನ ಐಡಿಗೆ ಮಾತ್ರ, ಅದರಲ್ಲೇ ಮಾಡಿದ್ದಾರೆ. ಮೂಲ ಕಾಗದ ಎಂದಿನಂತೆ ಯಂತ್ರಕ್ಕೆ ಹಾಕಿ ಪುಡಿ. ಮತ್ತೆ ತೆಗೆದು ನೋಡಲಿಲ್ಲ. ಅಕ್ಕ ಮಾಡಿದ್ದನ್ನು ನೋಡುವುದೇನು.

ಫೆಬ್ರವರಿ 6

ಅರ್ಧ ದಿನಕ್ಕೇ ಮನೆಗೆ. ಅಕ್ಕ ಬಿಡಲೇ ಇಲ್ಲ. “ಕಣ್ಣು ನೋಡೇ, ಗುಳಿ ಬಿದ್ದಿವೆ. ಹೋಗಿ ಮಲ್ಕೋ. ಸಾಹೇಬರಿಗೆ ನಾನು ಹೇಳ್ತೀನಿ.” ಚೀಲ ತಂದು ಕೈಗಿಟ್ಟರು. ಬಂದವಳೇ ಸಂಜೆಯವರೆಗೂ ಕೊರಡಿನಂತೆ ಮಲಗಿದೆ. ಒಡಹುಟ್ಟಿದವರೂ ಇಷ್ಟು ನೋಡುವುದಿಲ್ಲ. ನನ್ನ ಪುಣ್ಯ.

ಮಾರ್ಚ್ 18, ಬುಧವಾರ, ಮಧ್ಯಾಹ್ನ

ಊಟಕ್ಕೆ ಹೋಗದೆ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಕಾರ್ಮಿಕ ನ್ಯಾಯಾಲಯದಿಂದ ಪತ್ರ — ಗಿರಣಿಯವರ ವರದಿ ಕಳಿಸಿ. ಹುಡುಕಿದೆ. ಸೊನ್ನೆ. ತಾರೀಖು ಬದಲಿಸಿ ಹುಡುಕಿದೆ. ಸೊನ್ನೆ. ಫೋಲ್ಡರ್‌ನ ನಿಯಮ ತೆಗೆದರೆ ಇಡಬೇಕಾದ ಅವಧಿಯ ಜಾಗದಲ್ಲಿ 7. ಬರೀ 7! 2555 ಅಲ್ಲ. ಏಳು ದಿನ ಇಟ್ಟು, ವಾರಕ್ಕೊಮ್ಮೆ ಅವಧಿ ಮುಗಿದದ್ದನ್ನು ಅಳಿಸುವ ಸರದಿಯಲ್ಲಿ, ಫೆಬ್ರವರಿ ಒಂದರ ಭಾನುವಾರ ಮೆಷಿನ್ ಗುಡಿಸಿ ಹಾಕಿದೆ. ಗುಡಿಸಿದ ಮೇಲೂ ಮೂವತ್ತು ದಿನ ಬ್ಯಾಕಪ್ ಟೇಪಿನಲ್ಲಿ ಪ್ರತಿ ಇರುತ್ತದೆ, ತೆಗೆಯಬಹುದು. ಟೇಪ್ ನೋಡಿದೆ. ಮಾರ್ಚ್ ಮೂರಕ್ಕೆ ಅದರ ಮೇಲೆ ಬೇರೇನೋ ಬರೆದಾಗಿದೆ. ಎರಡನೇ ಪ್ರತಿಗೂ ಅದೇ ಗತಿ.

ಜನವರಿ 20, ಮಾಡಿದವರು: ನನ್ನ ಐಡಿ.

ಕೆಳಗೆ ರಿಸೆಪ್ಷನ್‌ನಲ್ಲಿ ಗಿರಣಿಯ ಮುದುಕರೊಬ್ಬರು, ಟವೆಲಿನಲ್ಲಿ ಬಾಯಿ ಮುಚ್ಚಿ ಕೆಮ್ಮುತ್ತ. “ನಂದು ಸಿಕ್ತಾ ತಾಯಿ? ಅದಿಲ್ದೆ ಕೇಸ್ ನಿಲ್ಲಲ್ಲ ಅಂತಾರೆ ಲಾಯರು.” ಹುಡುಕುತ್ತಿದ್ದೇವೆ ಎಂದೆ. ಸುಳ್ಳು.

ಮಾರ್ಚ್ 20

ವಿಚಾರಣೆ. ಸಾಹೇಬರು, ಆಡಿಟ್‌ನವರಿಬ್ಬರು, ನಾನು, ಅಕ್ಕ. ಆ ದಿನ ನಾನು ರಜೆಯಲ್ಲಿದ್ದೆ ಎಂದೆ. ಮನೆಯಿಂದಲೂ ಲಾಗಿನ್ ಆಗಬಹುದಲ್ಲ ಎಂದರು. ಅಕ್ಕನ ಕಡೆ ತಿರುಗಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ...

“ಅವಳ ಪಾಸ್‌ವರ್ಡ್ ನಂಗೆ ಹೇಗೆ ಗೊತ್ತಿರತ್ತೆ ಸರ್?”

ತಮ್ಮ ಮಗಳ ಹೆಸರು. ಗೊತ್ತಿಲ್ಲವಂತೆ.

ಮಾರ್ಚ್ 23

ಮೆಟ್ಟಿಲ ಹತ್ತಿರ ಅಕ್ಕ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. “ಕೈತಪ್ಪು ಕಣೇ, ಗೊತ್ತಾಗ್ಲೇ ಇಲ್ಲ. ನೀನು ಹೇಳಿದ ಮೇಲೇ ನಂಗೂ ಗೊತ್ತಾಗಿದ್ದು, ದೇವರಾಣೆ. ನಂಗೆ ರಿಟೈರ್‌ಮೆಂಟ್‌ಗೆ ಎರಡೇ ವರ್ಷ. ನಿನ್ನ ಸರ್ವಿಸ್ ಕ್ಲೀನಾಗಿದೆ, ನಿಂಗೆ ಬರೀ ಮೆಮೋ ಕೊಡ್ತಾರೆ.” ಮೆಮೋ ಅಲ್ಲ, ಮನೆಗೆ ಕಳಿಸುತ್ತಾರೆ. ಇಬ್ಬರಿಗೂ ಗೊತ್ತು.

ಆದರೂ ಕರಗಿದೆ. ದಿನ ಬರೆಯುವಲ್ಲಿ ವರ್ಷ ಬರೆಯುವುದು ನಮ್ಮ ಕೆಲಸದಲ್ಲಿ ಯಾರೂ ಮಾಡಬಹುದಾದ ತಪ್ಪು. ಹೊಸದರಲ್ಲಿ ನಾನೂ ಮಾಡಿದ್ದೆ. ಅಂದು ಹಿಂದೆ ನಿಂತು ನೋಡಿ ತಿದ್ದಿದ್ದು ಇದೇ ಅಕ್ಕ. ನಮ್ಮವರಿಗೆ ಹೇಳಿದೆ. “ನಿನಗೇನು ತಲೆ ಕೆಟ್ಟಿದೆಯಾ?” ಎಂದು ರೇಗಿ, ಊಟ ಬಿಟ್ಟೆದ್ದರು. ತಪ್ಪು ನನ್ನದೇ ಎಂದುಬಿಡಲೇ... ನೋಡೋಣ.

ಮಾರ್ಚ್ 24, ಬೆಳಿಗ್ಗೆ 11

ನಮ್ಮ ಆರ್ಕೈವ್ ಎಲ್ಲರ ಕಾಗದದ ಜೊತೆ, ಯಾರು ಯಾವಾಗ ಯಾವ ಟರ್ಮಿನಲ್‌ನಿಂದ ಏನು ತೆರೆದರೆಂಬ ತನ್ನ ಲಾಗನ್ನೂ ಇಟ್ಟುಕೊಳ್ಳುತ್ತದೆ. ಯಾರೂ ಓದುವುದಿಲ್ಲ. ಇವತ್ತು ನಾನು ಓದಿದೆ.

ಜನವರಿ 20. ನನ್ನ ಐಡಿ, ಅಕ್ಕನ ಟರ್ಮಿನಲ್. ಗೊತ್ತಿದ್ದದ್ದೇ.

ಮತ್ತೂ ಒಂದು ಸಾಲು. ಫೆಬ್ರವರಿ 6, ಮಧ್ಯಾಹ್ನ 12.50. ನನ್ನ ಐಡಿ, ಅಕ್ಕನ ಟರ್ಮಿನಲ್. ಗಿರಣಿ ಫೋಲ್ಡರ್ ತೆರೆದಿದೆ. ಫಲಿತಾಂಶ ಸೊನ್ನೆ. ನಿಯಮದ ಪುಟ ತೆರೆದಿದೆ. ಟೇಪ್ ಪಟ್ಟಿ ತೆರೆದಿದೆ. ಏನೂ ಬದಲಿಸಿಲ್ಲ. ಲಾಗಾಫ್.

ಈ ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಫೆಬ್ರವರಿ 6. ‘ನನ್ನ ಪುಣ್ಯ’ — ನನ್ನದೇ ಅಕ್ಷರ.

ಅಯ್ಯೋ ನನ್ನ ಹಣೆಬರಹವೇ! ನನ್ನನ್ನು ಮಲಗಲು ಕಳಿಸಿ ನೋಡಿದ್ದಾರೆ. ಎಲ್ಲ ಹೋಗಿದೆ ಎಂದು ಆವತ್ತೇ ಗೊತ್ತು. ಟೇಪ್ ಇನ್ನೂ ಹಾಗೇ ಇತ್ತು, ಮೂರು ವಾರಕ್ಕೂ ಹೆಚ್ಚು ಟೈಮಿತ್ತು. ‘ಏನೋ ಎಡವಟ್ಟಾಗಿದೆ ಬಾರೇ’ ಎಂದಿದ್ದರೆ ಹತ್ತು ನಿಮಿಷದ ಕೆಲಸ. ಆ ಮುದುಕರ ಕೆಮ್ಮಿಗೊಂದು ಸಾಕ್ಷಿ ಉಳಿಯುತ್ತಿತ್ತು. ಹೇಳಲಿಲ್ಲ. ಯಾರೂ ಕೇಳಲಿಕ್ಕಿಲ್ಲ, ಕೇಳಿದರೂ ಐಡಿ ಅವಳದು ಎಂದುಕೊಂಡಿರಬೇಕು. ಅಷ್ಟು ದಿನವೂ ನನ್ನೆದುರು ಕೂತು ಉಂಡರು, ನನ್ನ ಗಂಡನ ಬೆನ್ನು ಹೇಗಿದೆ ಎಂದು ಕೇಳಿದರು.

ಕೈತಪ್ಪನ್ನು ಕ್ಷಮಿಸಿದ್ದೆ. ಇದನ್ನು ಕ್ಷಮಿಸಲಾಗುವುದಿಲ್ಲ. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 25, ಬೆಳಿಗ್ಗೆ 10.15

ಹನ್ನೊಂದಕ್ಕೆ ಕೊನೆಯ ವಿಚಾರಣೆ. ಲಾಗಿನ ಪ್ರಿಂಟು ಫೈಲಿನಲ್ಲಿದೆ. ಪಾಸ್‌ವರ್ಡ್ ಬದಲಿಸಿದೆ. ಯಾರ ಮಗಳ ಹೆಸರೂ ಅಲ್ಲ.

ಈಗಷ್ಟೇ ಅಕ್ಕ ಇಣುಕಿ ಹೋದರು. “ಊಟಕ್ಕೆ ಕಾಯ್ತೀನಿ ಕಣೇ.” ಹೂಂ ಎಂದೆ. ಬಾಯಿಗೆ ಅದೊಂದೇ ಅಭ್ಯಾಸ.

ಎದುರಿಗೆ ಫಾರ್ಮ್. ಪ್ರಶ್ನೆ ನಾಲ್ಕು: ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಿತ್ತೇ? ‘ಹೌದು’ ಎಂದರೆ ನಿಯಮ ಮುರಿದವಳು ನಾನು, ನನ್ನ ಕೆಲಸವೂ ಹೋಗುತ್ತದೆ. ಹೋಗಲಿ. ಹೌದು ಎಂದು ಬರೆದೆ.

ಕೆಳಗಿನ ಸಾಲು: ಯಾರಿಗೆ? ಪೂರ್ಣ ಹೆಸರು ಬರೆಯಿರಿ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಹೆಸರಿಟ್ಟು ಕರೆದವಳಲ್ಲ. ಬರೆಯುವಾಗ ಕೈ ತಾನಾಗಿಯೇ ‘ಅಕ್ಕ’ ಎಂದು ಬರೆದುಬಿಟ್ಟಿತು. ಹೊಡೆದುಹಾಕಿದೆ. ಈಗ ಇನಿಷಿಯಲ್ ಸಮೇತ, ದಪ್ಪಕ್ಷರದಲ್ಲಿ —