ಪಾರಿವಾಳದ ವಾದ ದುರ್ಬಲವೇ?

ಪ್ರಶ್ನೆಪತ್ರಿಕೆ ತಯಾರಿಸುವ ಮಾನ್ಯರೇ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೇ. ಐದನೇ ತರಗತಿಗೆ ಶಾಲೆ ಬಿಟ್ಟವಳು, ಕ್ಷಮಿಸಿ. ಆದರೆ ಇಪ್ಪತ್ತೇಳನೇ ಪ್ರಶ್ನೆಯಲ್ಲಿ ಮಾತ್ರ ತಪ್ಪು ನಿಮ್ಮದು.

ದಾಖಲೆ ಕೋಣೆಯ ಸಹಾಯಕಿ ಹುದ್ದೆಗೆ ನೀವು ಕೇಳಿದ್ದು ಇದು: ‘ದಾಖಲೆ ಕೋಣೆಯ ಕಿಟಕಿಗಳನ್ನು ದಿನವಿಡೀ ತೆರೆದಿಡಬೇಕೆ? ವಾದ ಒಂದು: ಹೌದು, ಗಾಳಿಯಾಡಿದರೆ ಕಾಗದಕ್ಕೆ ಬೂಸ್ಟು ಹಿಡಿಯುವುದಿಲ್ಲ. ವಾದ ಎರಡು: ಬೇಡ, ಪಾರಿವಾಳಗಳು ಒಳಗೆ ಬರುತ್ತವೆ.’ ಎರಡೂ ಬಲವಾದ ವಾದಗಳೆಂದು ನಾನು ಗುರುತು ಹಾಕಿದೆ. ನಿಮ್ಮ ಸರಿಯುತ್ತರಗಳ ಪಟ್ಟಿಯಲ್ಲಿ ಮೊದಲನೆಯದು ಮಾತ್ರ ಬಲವಾದದ್ದು. ಎರಡನೆಯದು ‘ಕ್ಷುಲ್ಲಕ, ಆದ್ದರಿಂದ ದುರ್ಬಲ’. ಆ ಒಂದೇ ಅಂಕಕ್ಕೆ ನನಗೆ ಹುದ್ದೆ ತಪ್ಪಿತು.

ಕ್ಷುಲ್ಲಕ ಎಂದು ತೀರ್ಮಾನಿಸುವ ಮೊದಲು ತಾವು ಪಾರಿವಾಳವನ್ನು ಎಷ್ಟು ಹತ್ತಿರದಿಂದ ನೋಡಿದ್ದಿರಿ? ನಾನು ನಾಲ್ಕು ವರ್ಷದಿಂದ ನಿಮ್ಮದೇ ಕಚೇರಿಯ ನೆಲ ಗುಡಿಸುವ ದಿನಗೂಲಿಯವಳು. ನಾನು ಪೊರಕೆ ತಂದರೆ ನೀವು ಕಾಲೆತ್ತುತ್ತೀರಿ. ನಮ್ಮಿಬ್ಬರ ಮಾತುಕತೆ ಅಷ್ಟೇ. ಎದುರು ನಿಂತು ಹೇಳಲು ನಾಲಿಗೆ ಏಳದೆ ದಿನಪತ್ರಿಕೆಗೆ ಬರೆಯುತ್ತಿದ್ದೇನೆ. ವಾದವನ್ನು ತೂಗುವಾಗ, ಅದು ನಿಜವಾದರೆ ಆಗುವುದೇನು ಎಂದು ನೋಡಬೇಕಂತೆ, ಮಾರ್ಗದರ್ಶಿ ಪುಸ್ತಕದಲ್ಲಿದೆ. ಆಗುವುದು ಇಷ್ಟು: ಹಿಕ್ಕೆ ಬಿದ್ದ ಕಡೆ ಅಕ್ಷರ ಉಳಿಯುವುದಿಲ್ಲ. ಬೂಸ್ಟಿಗೆ ಒಂದು ಮಳೆಗಾಲ ಬೇಕು, ಪಾರಿವಾಳಕ್ಕೆ ಒಂದು ಮಧ್ಯಾಹ್ನ ಸಾಕು.

ಮನೆಯಲ್ಲೂ ಇದೇ ಚರ್ಚೆ.

“ಸುಮ್ನೆ ಮೊದಲನೇದಕ್ಕೆ ಗುರುತು ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದಳು ಅಕ್ಕ.

“ದಿನಾ ಹಿಕ್ಕೆ ಕೆರೆದೂ ಕೆರೆದೂ ನನ್ನ ಉಗುರೇ ಸವೆದಿದೆ ಕಣೇ ಅಕ್ಕ. ಅದನ್ನ ಕ್ಷುಲ್ಲಕ ಅಂತ ಹೇಗೆ ಒಪ್ಪಲಿ?”

ಪಾತ್ರೆ ಒರೆಸುತ್ತಿದ್ದ ಅಮ್ಮ ತೀರ್ಪು ಕೊಟ್ಟಳು: “ಇಬ್ಬರದೂ ದುರ್ಬಲ ವಾದ. ಊಟಕ್ಕೆ ಬನ್ನಿ.”

ಆಕ್ಷೇಪಣೆ ಸಲ್ಲಿಸಿದೆ. ‘ಪುರಾವೆ ಲಗತ್ತಿಸಿಲ್ಲ’ ಎಂದು ಹಿಂದಕ್ಕೆ ಬಂತು. ಪುರಾವೆ ಈಗ ಸಿಕ್ಕಿದೆ, ಮಾನ್ಯರೇ. ನಿಮ್ಮ ಉತ್ತರದಂತೆಯೇ ಕಚೇರಿಯ ದಾಖಲೆ ಕೋಣೆಯ ಕಿಟಕಿ ದಿನವಿಡೀ ತೆರೆದಿರುತ್ತದೆ. ಈ ಬೆಳಿಗ್ಗೆ ರೆಕ್ಕೆ ಬಡಿದ ಸದ್ದಾಯಿತು. ಸ್ಟೂಲು ಹತ್ತಿ ನೋಡಿದರೆ, ‘ಆಕ್ಷೇಪಣೆಗಳು’ ಎಂದು ಬರೆದ ಕಪಾಟಿನ ಮೇಲ್ಗಡೆ, ಕಡತಗಳ ನಡುವೆ, ಗೂಡು. ಅದರಲ್ಲಿ ಎರಡು ಮೊಟ್ಟೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲವೆಂದು ಪಾರಿವಾಳಕ್ಕೆ ಚೆನ್ನಾಗಿ ಗೊತ್ತಿದೆ. ತಾಯಿ ಬಂದು ಮೇಲೆ ಕೂತಿದ್ದರಿಂದ ಪುರಾವೆ ಲಗತ್ತಿಸಲಾಗಲಿಲ್ಲ.

ಆದ್ದರಿಂದ ಮರಿಗಳು ಹಾರಿಹೋಗುವ ಮೊದಲು ಖುದ್ದಾಗಿ ಬಂದು ನೋಡಿ, ನನ್ನ ಒಂದು ಅಂಕ ಕೊಡಿ. ಸ್ಟೂಲು ನಾನು ಹಿಡಿಯುತ್ತೇನೆ.

ನನ್ನ ವಾದದ ಪ್ರಕಾರ ಆ ಕಿಟಕಿ ಮುಚ್ಚಬೇಕಿತ್ತು. ತಾಯಿ ಹೋಗಿ ಬರಬೇಕಲ್ಲ ಎಂದು ಒಂದು ಗೇಣು ತೆರೆದಿಟ್ಟು ಬಂದೆ.

ಇಂತಿ,
ನೀವು ಕಾಲೆತ್ತಿದಾಗ ಕೆಳಗೆ ಗುಡಿಸುವವಳು