ಮಾನ್ವಿ ರಸ್ತೆಯ ತಿರುವು

ಮಾನ್ವಿ, 1944

ನಿಮ್ಮ ಕನಕಮ್ಮನ ನಮಸ್ಕಾರ.

ನೀವು ಹೋದ ಮೇಲೆ ಇವತ್ತೇ ಮೊದಲ ಸಲ ಮೋಟಾರು ಹತ್ತಿದೆ. ರಾಯಚೂರಿನಿಂದ ಬಸ್ಸು ಹೊರಟಾಗ ಜೋರು ಮಳೆ. ಹೊಲವೂ ಆಕಾಶವೂ ಒಂದೇ ಆಗಿ, ನೀರಿನಲ್ಲಿ ತೇಲಿಹೋದಂತಿತ್ತು. ಯುದ್ಧಕ್ಕೆ ಮೊದಲು, ಇಂಥದೇ ಮಳೆಯಲ್ಲಿ, ಮೋಟಾರು ಪಂದ್ಯದ ದಿನ ನಿಮ್ಮ ಕಾರು ಉರುಳಿದ ತಿರುವಿನಲ್ಲಿ ಡ್ರೈವರ್ ವೇಗ ತಗ್ಗಿಸಿದ.

"ಯಾಕ್ರೀ?" ಎಂದೆ.

"ಇಲ್ಲೇ ನೋಡ್ರಿ ಯವ್ವಾ, ರೇಸಿನ್ಯಾಗ ಮೌನಪ್ಪ ಸತ್ತಿದ್ದು. ಇಲ್ಲಿ ಯಾರೂ ಜೋರು ಹೊಡ್ಯಂಗಿಲ್ಲ."

ನಾನು ನಿಮ್ಮ ಹೆಂಡತಿಯೆಂದು ಹೇಳಲಿಲ್ಲ. "ತಿರುವು ದಾಟಿದ ಮ್ಯಾಲ ಜೋರು ಹೊಡೀರಿ" ಎಂದೆ. ಹೊಡೆದ. ಕಿಟಕಿಯಿಂದ ಮಳೆ ಮುಖಕ್ಕೆ ಬಡಿಯಿತು; ಇನ್ನೂ ಜೋರು ಹೋಗಲಿ ಎನಿಸಿತು.

ಅಂಥ ಮಳೆಯಲ್ಲಿ ಕಾರು ಯಾಕೆ ನಿಲ್ಲಿಸಲಿಲ್ಲವೆಂದು ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿತ್ತು. ಮಾನ್ವಿ ಬಂದಾಗ ನನಗೂ ಇಳಿಯಲು ಮನಸ್ಸಾಗಲಿಲ್ಲ.