ದೊಡ್ಡಕ್ಕನ ಎಕ್ಸ್‌ರೇ, ನಿನ್ನ ಇಲಿಗಳು

ಸುಚಿತ್ರಾ,

ನೀನು ತೀರಿಹೋದ ಮೇಲೂ ನಿನ್ನ ಪ್ರಯೋಗಾಲಯದ ಇಲಿಗಳು ಈ ಅಣ್ಣನನ್ನು ಬಿಟ್ಟಿಲ್ಲ.

ಬೆಳಿಗ್ಗೆ ಪಕ್ಕದ ಮನೆ ದೊಡ್ಡಕ್ಕ ಜಾರಿಬಿದ್ದಳು. ಹೊಳಲ್ಕೆರೆ ಆಸ್ಪತ್ರೆಗೆ ಕರೆದೊಯ್ದರೆ, ಎಕ್ಸ್‌ರೇ ಕೋಣೆಯ ಬಾಗಿಲಿಗೆ ಅವಳ ಮಗ ಮಂಜಣ್ಣನೇ ಅಡ್ಡ ನಿಂತ.

"ಬ್ಯಾಡ ಮೇಷ್ಟ್ರೇ. ವಾಟ್ಸಾಪ್‌ನಾಗೆ ಬಂದೈತೆ, ಇದರಿಂದ ಇಲಿಗಳಿಗೆಲ್ಲ ಕ್ಯಾನ್ಸರ್ ಬಂತಂತೆ."

ಕಿರಣಕ್ಕೆ ಇಷ್ಟು ಹೆದರುವವನ ಮೊಬೈಲು ಮಾತ್ರ ಎದೆಯ ಜೇಬಿನಲ್ಲೇ ಇತ್ತು! ನನಗೆ ರೇಗಿತು.

"ಅಂಥ ಪ್ರಯೋಗ ನನ್ನ ತಂಗಿಯೇ ಮಾಡಿದ್ದಳು ಕಣಯ್ಯ. ಇಲಿಗಳಿಗೆ ಕೊಟ್ಟ ಕಿರಣ ಇದಕ್ಕಿಂತ ಎಷ್ಟೋ ಜಾಸ್ತಿ."

"ಎಷ್ಟು?" ಅಂದ.

ಅವನ ತೋಳು ಹಿಡಿದು ಬಾಗಿಲಿನಿಂದ ಸರಿಸಲು ನೋಡಿದೆ.

ಕೊನೆಗೆ ಸ್ಟ್ರೆಚರ್ ಮೇಲಿಂದ ದೊಡ್ಡಕ್ಕನೇ ಗದರಿದಳು: "ಲೇ, ನಾನೇನು ಇಲಿನಾ? ದಾರಿ ಬಿಡು!"

ಸೊಂಟದ ಮೂಳೆ ಮುರಿದಿದೆ. ನಾಳೆ ಆಪರೇಷನ್.

ಆ ಇಲಿಗಳನ್ನು ಹಿಂಸಿಸುತ್ತೀಯೆಂದು ನಿನ್ನೊಡನೆ ಎಷ್ಟು ಜಗಳವಾಡಿದೆ! ಮಂಜಣ್ಣ ಕೇಳಿದ ಆ 'ಎಷ್ಟು?' ಎಂಬುದನ್ನು ಮಾತ್ರ ನಿನ್ನನ್ನು ಒಮ್ಮೆಯೂ ಕೇಳಲಿಲ್ಲ.